ಐದು ಸ್ಟೇಷನ್ ದೂರದ ವಿದೇಶದಲ್ಲಿ ಕ್ರಿಸ್ಮಸ್ ರಜೆ



ಮೈಕ್ ಮುಂದೆ ಕುಳಿತರೆ ಮಾತು ತಾನಾಗಿ ಬರುತ್ತದೆ. ಪೆನ್ನು ಹಿಡಿದರೆ ಮಾತ್ರ ನಾಲ್ಕು ಸಲ ಚಹಾ ಕುಡಿಯಬೇಕಾಗುತ್ತದೆ! ಆದರೂ ಈ ತಿಂಗಳು ಬರೆಯಲೇಬೇಕಿತ್ತು. ಕಾರಣ, ನಿಮಗೆ ನಾನು ಒಂದು ತಪ್ಪೊಪ್ಪಿಗೆ ಕೊಡಬೇಕಿದೆ.

ಹಿಂದಿನ ವರ್ಷ ಕ್ರಿಸ್ಮಸ್ ದಿನದ ಕಾರ್ಯಕ್ರಮದಲ್ಲಿ ಎರಡು ಹಾಡುಗಳ ನಡುವೆ ನಾನೊಂದು ಮಾತು ಹೇಳಿದ್ದೆ. "ನಮ್ಮ ಥಾಣೆ, ವಸಾಯಿ ಕಡೆಯ ಹಳೆಯ ಕ್ರೈಸ್ತರು ಪೋರ್ಚುಗಲ್‌ನಿಂದ ಬಂದು ನೆಲೆಸಿದವರ ಸಂತತಿ" ಎಂದು. ಅರ್ಧ ನಿಮಿಷದ ಮಾತು. ಯಾರೂ ಫೋನ್ ಮಾಡಲಿಲ್ಲ, ಪತ್ರವೂ ಬರಲಿಲ್ಲ. ನಾನೂ ಮರೆತುಬಿಟ್ಟೆ.

ಆದರೆ ಥಾಣೆಯ ಒಂದು ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕರಿಯುತ್ತಿದ್ದ ನನ್ನ ಬಾಲ್ಯದ ಗೆಳತಿ ಅದನ್ನು ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡದ್ದಲ್ಲದೆ, ಪಕ್ಕದಲ್ಲಿದ್ದ ಅತ್ತೆಗೆ ಅನುವಾದವನ್ನೂ ಮಾಡಿ ಹೇಳಿದ್ದಳು! ಮುಂದಿನ ಕ್ರಿಸ್ಮಸ್ ಹತ್ತಿರ ಬಂದಾಗ ಫೋನ್ ಬಂತು. "ಈ ಸಲ ರಜೆಗೆ ನಮ್ಮ ಮನೆಗೇ ಬಾ. ನಾಲ್ಕು ದಿನ ಇರು. ನಮ್ಮ ಅತ್ತೆಗೆ ನಿನ್ನ ಹತ್ತಿರ ಏನೋ ಕೇಳಬೇಕಂತೆ."

ಹೋದೆ. ಅದೇ ನನ್ನ ವಿದೇಶ ಪ್ರವಾಸದ ಕಥೆ.

ಪಾಸ್‌ಪೋರ್ಟ್ ಬೇಡ, ಸೆಕೆಂಡ್ ಕ್ಲಾಸ್ ಪಾಸ್ ಸಾಕು

ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿದರೆ ಕೋಪರ್, ದಿವಾ, ಮುಂಬ್ರಾ, ಕಳ್ವಾ, ಆಮೇಲೆ ಥಾಣೆ. ಐದನೆಯ ಸ್ಟೇಷನ್. ದಿನಾ ಸಾವಿರಾರು ಜನ ನಿಂತುಕೊಂಡೇ ಹೋಗಿ ಬರುವ ದಾರಿ. ಇದೆಂಥ ವಿದೇಶ ಎಂದು ನೀವು ನಗಬಹುದು. ಆದರೆ ಕಳ್ವಾ ದಾಟಿದ ಮೇಲೆ ರೈಲು ಖಾಡಿಯ ಸೇತುವೆಯ ಮೇಲೆ ಗಡಗಡ ಎನ್ನುತ್ತದಲ್ಲ, ಆ ಅರ್ಧ ನಿಮಿಷ ಸ್ವಲ್ಪ ಗಮನವಿಟ್ಟು ಕೆಳಗೆ ನೋಡಿ. ಸುಮಾರು ಇನ್ನೂರು ವರ್ಷ ಈ ನೀರು ಹೆಚ್ಚುಕಡಿಮೆ ಎರಡು ರಾಜ್ಯಗಳ ಗಡಿಯಾಗಿತ್ತು.

ಗುಜರಾತಿನ ಸುಲ್ತಾನ ಬಹಾದ್ದೂರ್ ಶಾಹ, ಮೊಗಲರ ಭಯದಿಂದ ವಸಾಯಿ ಮತ್ತು ಅದರ ಸುತ್ತಲಿನ ದ್ವೀಪಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ ಒಪ್ಪಂದ ಆದದ್ದು 1534ರಲ್ಲಿ. ತಾರೀಖು ಕೇಳಿದರೆ ಆಶ್ಚರ್ಯವಾಗುತ್ತದೆ: ಡಿಸೆಂಬರ್ 23. ಕ್ರಿಸ್ಮಸ್‌ಗೆ ಎರಡೇ ದಿನ ಮೊದಲು. ಪೋರ್ಚುಗೀಸ್ ಗವರ್ನರ್ ನುನೊ ಡ ಕುನ್ಹಾನ ಹಡಗಿನಲ್ಲಿ ಸಹಿ ಬಿತ್ತು. ಸಾಷ್ಟಿ ದ್ವೀಪದ ಅಂಚಿನಲ್ಲಿದ್ದ ಥಾಣೆಯೂ ಅವರ ಪಾಲಾಯಿತು. 1737ರಲ್ಲಿ ಮರಾಠರು ಗೆಲ್ಲುವವರೆಗೆ ಅಲ್ಲಿ ಅವರದೇ ಆಳ್ವಿಕೆ.

ಖಾಡಿಯ ಈಚೆ ಯಾರಿದ್ದರು? ಇದನ್ನು ಕೇಳಿದರೆ ನಮ್ಮ ವಿಜಾಪುರ ಕಡೆಯ ಕೇಳುಗರು ಖುಷಿಪಡುತ್ತಾರೆ. 1636ರಲ್ಲಿ ಅಹಮದ್‌ನಗರದ ನಿಜಾಮಶಾಹಿ ಮುಗಿದಾಗ ಕಲ್ಯಾಣ್ ಪ್ರದೇಶ ವಿಜಾಪುರದ ಆದಿಲಶಾಹಿಗೆ ಸೇರಿತು. ಶಿವಾಜಿ ಮಹಾರಾಜರು ಕಲ್ಯಾಣ್ ವಶಪಡಿಸಿಕೊಂಡದ್ದು 1657ರಲ್ಲಿ. ಅಂದರೆ ಆ ಇಪ್ಪತ್ತು ವರ್ಷ ಕಲ್ಯಾಣ್‌ನಿಂದ ಹೊರಟು ಥಾಣೆಯಲ್ಲಿ ಕ್ರಿಸ್ಮಸ್ ನೋಡಲು ಹೋದವನು ವಿಜಾಪುರದ ಪ್ರಜೆ. ಇಳಿಯುತ್ತಿದ್ದದ್ದು ಪೋರ್ಚುಗಲ್ ದೊರೆಯ ನಾಡಿನಲ್ಲಿ. ಇವತ್ತು ಲೋಕಲ್‌ನಲ್ಲಿ ಅರ್ಧ ಗಂಟೆ. ಅಂದು ಪರದೇಶ!

ಹಾಗೆಂದು ಆಚೆಗಿನವರು ಈಚೆ ಬರುತ್ತಿರಲಿಲ್ಲವೇ? ಬರುತ್ತಿದ್ದರು, ಅದೂ ನಮ್ಮ ನಿಮ್ಮ ಹಾಗೆ ಕೆಲಸಕ್ಕಾಗಿ! ಶಿವಾಜಿ ಮಹಾರಾಜರು ಕಲ್ಯಾಣ್ ಮತ್ತು ಭಿವಂಡಿಯಲ್ಲಿ ತಮ್ಮ ಮೊದಲ ಯುದ್ಧನೌಕೆಗಳನ್ನು ಕಟ್ಟಿಸಲು ಶುರುಮಾಡಿದಾಗ ಪೋರ್ಚುಗೀಸ್ ಸೀಮೆಯ ಹಡಗು ಕಟ್ಟುವವರನ್ನು ಕರೆಸಿಕೊಂಡರು. ರುಯ್ ಲೈತಾವ್ ವಿಯೇಗಸ್ ಎಂಬವನು ಅವರ ಮುಖ್ಯಸ್ಥ. ಅವನ ಜೊತೆಗಿದ್ದವರು ಮುನ್ನೂರಕ್ಕೂ ಹೆಚ್ಚು ಜನ. 1659ರಲ್ಲಿ ವಸಾಯಿಯ ಅಧಿಕಾರಿಗಳು "ನಾಳೆ ಈ ಹಡಗುಗಳು ನಮ್ಮ ಮೇಲೇ ಬಂದರೆ?" ಎಂದು ಹೆದರಿ, ಅವರನ್ನು ಗುಟ್ಟಾಗಿ ವಾಪಸು ಕರೆಸಿಕೊಂಡರು. ಕೆಲಸ ಅರ್ಧಕ್ಕೆ ನಿಂತಿತು. ಆದರೆ ಇಲ್ಲಿಯ ಬಡಗಿಗಳು ಅಷ್ಟರಲ್ಲಿ ಕೈಕೆಲಸ ಕಲಿತಿದ್ದರು, ನೌಕೆಗಳು ನೀರಿಗಿಳಿದವು.

ಗೆಳತಿಯ ಅತ್ತೆಯ ಪ್ರಶ್ನೆ

ಗೆಳತಿಯ ಮನೆ ಥಾಣೆಯ ಹಳೆಯ ಭಾಗದಲ್ಲಿದೆ. ಸುತ್ತ ಕಟ್ಟಡಗಳು ಎದ್ದು ನಿಂತಿವೆ, ನಡುವೆ ಹೆಂಚಿನ ಮಾಡು, ಮುಂದೆ ಒಂದು ಜಗಲಿ. ಬಾಗಿಲಿಗೆ ಕಾಗದದ ನಕ್ಷತ್ರ. ಒಳಗೆ ಕಾಲಿಟ್ಟ ಕೂಡಲೆ ಬಾಟಲ್ ಮಸಾಲೆಯ ಘಮ. ಅವರ ಕಡೆ ಹತ್ತಾರು ಬಗೆಯ ಸಾಂಬಾರ ಪದಾರ್ಥ ಹುರಿದು ಕುಟ್ಟಿ, ಕಂದು ಬಣ್ಣದ ಬಾಟಲಿಗಳಲ್ಲಿ ಒತ್ತಿ ತುಂಬಿ ವರ್ಷವಿಡೀ ಇಡುತ್ತಾರೆ. ಅದಕ್ಕೇ ಆ ಹೆಸರು.

ಅತ್ತೆಗೆ ಎಪ್ಪತ್ತು ದಾಟಿದೆ. ಕೆಂಪು ಚೌಕಳಿಯ ಲುಗಡೆ ಉಟ್ಟಿದ್ದರು, ಹಬ್ಬಕ್ಕೆಂದೇ. ನನ್ನನ್ನು ಕೂರಿಸಿ, ಕುಲಕುಲ್ ತುಂಬಿದ ತಟ್ಟೆ ಮುಂದಿಟ್ಟು, ಮರಾಠಿಯಲ್ಲಿ ಕೇಳಿದರು: "ನೀನು ರೇಡಿಯೋದವಳಲ್ವಾ? ಹೇಳು ನೋಡುವ, ಪೋರ್ಚುಗಲ್ ಯಾವ ಸ್ಟೇಷನ್ ಆದ ಮೇಲೆ ಬರುತ್ತದೆ? ಮುಲುಂಡ್ ಆದ ಮೇಲೋ, ಮೊದಲೋ?"

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅವರು ನಗಲಿಲ್ಲ.

"ನನ್ನ ಅಜ್ಜ ಇಲ್ಲೇ ಗದ್ದೆ ಮಾಡಿದವನು. ಅವನ ಅಜ್ಜನೂ ಇಲ್ಲೇ. ನಾವು ಎಲ್ಲಿಂದಲೂ ಬಂದವರಲ್ಲ. ಬಂದವರು ಪೋರ್ಚುಗೀಸರು. ಅವರು ಹೋದರು. ನಾವು ಇದ್ದೇವೆ."

ಕೇಳುಗರೇ, ಇಷ್ಟು ಸರಳವಾದ ಇತಿಹಾಸದ ಪಾಠ ನನಗೆ ಬಿ.ಎ. ತರಗತಿಯಲ್ಲೂ ಸಿಕ್ಕಿರಲಿಲ್ಲ.

ಅವರು ಹೇಳಿದ್ದೇ ನಿಜ. ಥಾಣೆ, ಸಾಷ್ಟಿ, ವಸಾಯಿಯ ಈ ಕ್ರೈಸ್ತರು ಇಲ್ಲಿಯ ಕೋಳಿ, ಕುಣಬಿ, ಭಂಡಾರಿ, ಬ್ರಾಹ್ಮಣ ಮೊದಲಾದ ಮನೆತನಗಳ ಜನ. ಪೋರ್ಚುಗೀಸರ ಕಾಲದಲ್ಲಿ ಮತ ಬದಲಾಯಿತು. ಅದು ಯಾವಾಗಲೂ ಮೃದುವಾಗಿ ಆಗಲಿಲ್ಲ. ದೇವಸ್ಥಾನಗಳು ಬಿದ್ದ ಕಾಲವದು, ಅದನ್ನು ಮುಚ್ಚಿಡಬೇಕಾಗಿಲ್ಲ. ಹೆಸರು ಬದಲಾಯಿತು. ಆದರೆ ಊರು ಬದಲಾಗಲಿಲ್ಲ, ಮನೆಮಾತು ಬದಲಾಗಲಿಲ್ಲ. ಇವತ್ತಿಗೂ ಅವರ ಹಿರಿಯರು ಆಡುವುದು ಪೋರ್ಚುಗೀಸ್ ಶಬ್ದಗಳು ಬೆರೆತ ಮರಾಠಿಯ ಒಂದು ಬಗೆಯನ್ನು.

ಹೆಸರೊಂದರ ಹಿಂದಿನ ಕಥೆ

ಈಗ ಈ ಸಮುದಾಯದ ಹೆಸರು ಕೇಳಿ: ಈಸ್ಟ್ ಇಂಡಿಯನ್. ಮುಂಬಯಿ ದೇಶದ ಪಶ್ಚಿಮ ದಿಕ್ಕಿನಲ್ಲಿದೆ. ಇಲ್ಲಿಯವರು ಈಸ್ಟ್ ಇಂಡಿಯನ್ ಹೇಗಾದರು? ಸಿಲಿಗುರಿಯಿಂದ ಬಂದವರೇ? ಅಲ್ಲ.

ಬ್ರಿಟಿಷರ ಕಾಲದಲ್ಲಿ ಇವರನ್ನು ಸರಕಾರಿ ಕಾಗದಗಳಲ್ಲಿ 'ಪೋರ್ಚುಗೀಸ್ ಕ್ರಿಶ್ಚಿಯನ್' ಎಂದು ಕರೆಯುತ್ತಿದ್ದರು. ನಾನು ಮೈಕ್‌ನಲ್ಲಿ ಮಾಡಿದ ತಪ್ಪನ್ನೇ ಅಂದಿನ ಗುಮಾಸ್ತರೂ ಮಾಡಿದ್ದರು ನೋಡಿ! ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಬೆಳೆಯಿತು. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ, 1854ರ ಮೇ 1ರಂದು, ಅದು ಖಾಡಿ ದಾಟಿ ಕಲ್ಯಾಣ್‌ವರೆಗೆ ಬಂತು. ರೈಲು, ಬಂದರು, ಗಿರಣಿ, ಕಚೇರಿ ಎಂದು ಕೆಲಸಗಳು ಹುಟ್ಟಿದವು. ಆ ಕೆಲಸಗಳಿಗಾಗಿ ಗೋವಾದಿಂದ ಕ್ರೈಸ್ತರು ಬಂದರು. ಗೋವಾದವರು ಆಗ ನಿಜಕ್ಕೂ ಪೋರ್ಚುಗಲ್‌ನ ಪ್ರಜೆಗಳು. ಜೊತೆಗೆ ಇನ್ನೂ ಒಂದು ಕಡೆಯಿಂದ ಜನ ಬಂದರು. ಯಾವ ಕಡೆ ಗೊತ್ತೇ? ನಮ್ಮ ಮಂಗಳೂರು ಕಡೆಯಿಂದ!

ಎಲ್ಲರ ಹೆಸರೂ ಡಿಸೋಜ, ಪಿರೇರಾ, ಫೆರ್ನಾಂಡಿಸ್. ಎಲ್ಲರನ್ನೂ ಒಂದೇ ಗಂಟಿಗೆ ಹಾಕಿ 'ಪೋರ್ಚುಗೀಸ್' ಎಂದರೆ, ಇದೇ ಮಣ್ಣಿನವರಿಗೆ ತಮ್ಮ ಊರಿನಲ್ಲೇ ತಾವು ಪರದೇಶಿಗಳಾದಂತೆ. ನೌಕರಿಯಲ್ಲೂ ಪೈಪೋಟಿ. ಆಗ ಇಲ್ಲಿಯವರು ಯೋಚಿಸಿದರು: ನಾವು ಬೇರೆ, ನಾವು ಮೊದಲಿನಿಂದ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿದ್ದು ಅವರ ಕಚೇರಿಗಳಲ್ಲಿ ದುಡಿದವರು ಎಂದು ತೋರಿಸಬೇಕು. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವ ಬಂತು. ಆ ಸಂದರ್ಭದಲ್ಲೇ, ಮೇ 26ರಂದು, ಬಾಂಬೆ ಈಸ್ಟ್ ಇಂಡಿಯನ್ ಅಸೋಸಿಯೇಶನ್ ಹುಟ್ಟಿತು. ಹೆಸರು ಉಳಿಯಿತು.

ಅಂದರೆ, ಪ್ರಿಯ ಕೇಳುಗರೇ, ಅವರು ಆ ಹೆಸರು ಇಟ್ಟುಕೊಳ್ಳಲು ಒಂದು ಕಾರಣ ನಾವೇ, ನಮ್ಮ ಕರಾವಳಿಯ ಜನರೇ! ಅಂಥ ಮನೆಗೆ ನನ್ನ ಗೆಳತಿ, ಮಂಗಳೂರು ಕಡೆಯವಳು, ಸೊಸೆಯಾಗಿ ಬಂದಿದ್ದಾಳೆ. ಅವರ ಡಬ್ಬದಲ್ಲಿ ಈಗ ಕುಲಕುಲ್ ಜೊತೆ ನಮ್ಮ ಕಡೆಯ ಕುಸ್ವಾರೂ ಇದೆ: ಗುಳಿಯೊ, ನೆವ್ರಿ, ಕೊಕ್ಕಿಸಾಂ, ಚಕ್ಕುಲಿ. "ಹೆಸರು ಬೇರೆ ಮಾಡಿಕೊಂಡರು, ಎಣ್ಣೆ ಬಾಣಲೆ ಒಂದೇ ಆಯಿತು" ಎಂದಳು ಅವಳು ಕನ್ನಡದಲ್ಲಿ.

ಎರಡು ಕಲ್ಯಾಣಗಳು

ನಾವಿಬ್ಬರೂ ಓದಿದ್ದು ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ, ಸ್ವರ್ಣಾ ನದಿಯ ದಡದಲ್ಲಿ. ಅಲ್ಲಿಯ ಮಿಲಾಗ್ರಿಸ್ ಚರ್ಚು ಶುರುವಾದದ್ದು 1678ರಲ್ಲಿ, ಕೆಳದಿ ಅರಸರ ಕಾಲದಲ್ಲಿ. ಗೆಳತಿಯ ಹಿರಿಯರು ಗೋವಾದಿಂದ ಕರಾವಳಿಗೆ ಬಂದ ಕೊಂಕಣಿ ಕ್ರೈಸ್ತರು. ಬಂದವರಿಗೆ ಕನ್ನಡದ ಅರಸರು ಜಾಗ ಕೊಟ್ಟರು, ಅವರು ಗದ್ದೆ ತೋಟ ಮಾಡಿ ಅಲ್ಲಿಯವರೇ ಆದರು.

ಈ ಕಲ್ಯಾಣಪುರಕ್ಕೂ ನಮ್ಮ ಕಲ್ಯಾಣ್ ಸ್ಟೇಷನ್ನಿಗೂ ಒಂದು ಹಳೆಯ ವ್ಯಾಜ್ಯವಿದೆ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಸ್ ಎಂಬ ವರ್ತಕ ತನ್ನ ಪುಸ್ತಕದಲ್ಲಿ 'ಕಲ್ಲಿಯಾನಾ' ಎಂಬ ಬಂದರನ್ನು ಹೆಸರಿಸಿದ್ದಾನೆ. ಅಲ್ಲಿ ಪರ್ಶಿಯಾದಿಂದ ನೇಮಕವಾಗಿ ಬರುವ ಒಬ್ಬ ಬಿಷಪ್ ಇದ್ದಾನೆ ಎಂದೂ ಬರೆದಿದ್ದಾನೆ. ಅದು ಥಾಣೆ ಜಿಲ್ಲೆಯ ಕಲ್ಯಾಣ್ ಎಂಬುದು ಹೆಚ್ಚಿನ ವಿದ್ವಾಂಸರ ಮಾತು. ಅಲ್ಲ, ನಮ್ಮ ಕಲ್ಯಾಣಪುರವೇ ಎನ್ನುವವರೂ ಇದ್ದಾರೆ. ನಮಗಂತೂ ಕಲ್ಯಾಣ ಎಂದರೆ ಮೊದಲು ನೆನಪಾಗುವುದು ಬಸವಣ್ಣನವರ ಕಲ್ಯಾಣ! ಯಾವ ಕಲ್ಯಾಣವೇ ಇರಲಿ, ಪೋರ್ಚುಗೀಸರು ಬರುವುದಕ್ಕೆ ಸುಮಾರು ಸಾವಿರ ವರ್ಷ ಮೊದಲೇ ಈ ಪಶ್ಚಿಮ ಕರಾವಳಿಯಲ್ಲಿ ಕ್ರಿಸ್ಮಸ್ ನಡೆದಿತ್ತು ಎಂದಾಯಿತು.

ಅಷ್ಟೇ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಈ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಯಾರ ಸಾಮಂತರು? ಮಳಖೇಡದ ರಾಷ್ಟ್ರಕೂಟರ ಸಾಮಂತರು. ಸಾಷ್ಟಿಯ ಕನ್ಹೇರಿ ಗುಹೆಗಳ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. 'ಕವಿರಾಜಮಾರ್ಗ'ದ ನಮ್ಮ ನೃಪತುಂಗನೇ ಅವನು. ಕಲ್ಯಾಣ್ ಪಕ್ಕದ ಅಂಬರನಾಥದ ಶಿವಾಲಯ ಅದೇ ಶಿಲಾಹಾರರ ಕಾಲದ್ದು, 1060ರದ್ದು. ಹೀಗೆ ಲೆಕ್ಕ ಹಾಕುತ್ತ ಹೋದರೆ ಇದು ಯಾರಿಗೆ ಸ್ವದೇಶ, ಯಾರಿಗೆ ವಿದೇಶ? ಹಾಗೆಂದು ಇದು ನಮ್ಮದು ಎಂದು ಹಕ್ಕು ಸಾಧಿಸಲು ನಾನು ಈ ಮಾತು ಹೇಳುತ್ತಿಲ್ಲ. ಗಡಿ ಎಷ್ಟು ಸಲ ಸರಿದಿದೆ ಎಂದು ತಿಳಿಯಲಿ ಎಂದಷ್ಟೇ.

ಮನೆಯವರ ಜಗಳಕ್ಕೆ ಸಾಕ್ಷಿಯಾದ ಅತಿಥಿಗಳು

ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಯಾರಿಗೂ ನಿದ್ದೆ ಇಲ್ಲ. ಗೆಳತಿಯ ಗಂಡ ಒಂದು ಕಥೆ ಹೇಳಿದರು. ಥಾಣೆಯಲ್ಲಿ ಪರದೇಶದಿಂದ ಬಂದು ಸ್ನೇಹಿತರ ಮನೆಯಲ್ಲಿ ಉಳಿದವರಲ್ಲಿ ನಾನೇ ಮೊದಲಿಗಳಲ್ಲವಂತೆ!

1321ರ ಮಾತು. ಜೋರ್ಡಾನಸ್ ಎಂಬ ಪಾದ್ರಿ ಮತ್ತು ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಕೊಲ್ಲಂಗೆ ಹೊರಟಿದ್ದರು. ಗಾಳಿ ಹಡಗನ್ನು ಥಾಣೆಗೆ ತಂದು ಮುಟ್ಟಿಸಿತು. ಊರಿನಲ್ಲಿ ಆಗಲೇ ಹದಿನೈದು ನೆಸ್ಟೋರಿಯನ್ ಕ್ರೈಸ್ತರ ಮನೆಗಳಿದ್ದವು. ಪಂಥ ಬೇರೆಯಾದರೂ ಒಂದು ಮನೆಯವರು ಇವರನ್ನು ಇಟ್ಟುಕೊಂಡರು. ಜೋರ್ಡಾನಸ್ ಮುಂದಿನ ಊರಿಗೆ ಹೋಗಿದ್ದಾಗ ಆ ಮನೆಯ ಗಂಡ ಹೆಂಡಿರ ನಡುವೆ ಜಗಳವಾಗಿ, ಗಂಡ ಹೆಂಡತಿಯನ್ನು ಹೊಡೆದ. ಅವಳು ಕಾಜಿಯ ಬಳಿ ದೂರು ಕೊಟ್ಟಳು. ಸಾಕ್ಷಿ ಯಾರು ಎಂದಾಗ, ಮನೆಯಲ್ಲಿ ನಾಲ್ವರು ಪರದೇಶಿ ಸನ್ಯಾಸಿಗಳಿದ್ದಾರೆ ಎಂಬ ಮಾತು ಬಂತು. ಕರೆಸಿದರು. ಹೊಡೆತದ ಮಾತು ಹಿಂದೆ ಬಿತ್ತು, ಮತದ ವಾದ ಮುಂದೆ ಬಂತು. ಕೊನೆಗೆ ಏಪ್ರಿಲ್ ತಿಂಗಳಲ್ಲಿ ನಾಲ್ವರೂ ಪ್ರಾಣ ಕಳೆದುಕೊಂಡರು. ಕೆಲವೇ ವರ್ಷಗಳಲ್ಲಿ ಇಲ್ಲಿಗೆ ಬಂದ ಇಟಲಿಯ ಒಡೊರಿಕ್ ಎಂಬ ಪ್ರವಾಸಿ ಅವರ ಅಸ್ಥಿಗಳನ್ನು ಚೀನಾದವರೆಗೆ ಒಯ್ದ. ಸುದ್ದಿ ದೆಹಲಿ ಸುಲ್ತಾನನಿಗೆ ಮುಟ್ಟಿ, ಆ ಕೆಲಸ ಮಾಡಿಸಿದ ಅಧಿಕಾರಿಗೇ ಶಿಕ್ಷೆಯಾಯಿತು ಎಂದೂ ಅವನೇ ಬರೆದಿದ್ದಾನೆ.

"ಆದ್ದರಿಂದ ನಮ್ಮಲ್ಲಿ ಜಗಳವಾದರೆ ನೀವು ಕಿವಿ ಮುಚ್ಚಿಕೊಳ್ಳಿ" ಎಂದು ಅವರು ನಗೆಯಾಡಿದರು. ಗೆಳತಿ ಮಾತ್ರ, "ಏಟು ತಿಂದ ಆ ಹೆಂಗಸು ಏನಾದಳು? ಅದನ್ನು ಯಾರೂ ಬರೆಯಲಿಲ್ಲವಲ್ಲ" ಎಂದಳು. ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮರುದಿನ ಸಂಜೆ ಮಾಸುಂದಾ ಕೆರೆ ಸುತ್ತಿ, ಥಾಣೆಯ ಜೈಲಿನ ಕಡೆ ನಡೆದೆವು. ಅದು ಹಿಂದೆ ಕೋಟೆ. ಪೋರ್ಚುಗೀಸರು ಕಟ್ಟಲು ತೊಡಗಿದರು, ಅಷ್ಟರಲ್ಲಿ ಊರೇ ಮರಾಠರ ಕೈಗೆ ಹೋಯಿತು. 1774ರಲ್ಲಿ ಪೋರ್ಚುಗೀಸರು ಮತ್ತೆ ಹಡಗು ಕಳಿಸುತ್ತಾರೆಂಬ ಸುದ್ದಿ ಹಬ್ಬಿತು. ಅವರಿಗಿಂತ ಮೊದಲು ತಾವೇ ಹಿಡಿಯೋಣವೆಂದು ಮುಂಬಯಿಯ ಇಂಗ್ಲಿಷರು ಕೋಟೆಗೆ ಮುತ್ತಿಗೆ ಹಾಕಿದರು. ಅದೂ ಕ್ರಿಸ್ಮಸ್ ವಾರವೇ! ಡಿಸೆಂಬರ್ 28ರಂದು ಕೋಟೆ ಬಿತ್ತು. ಆ ವರ್ಷ ಊರಿನವರು ಹಬ್ಬವನ್ನು ತೋಪಿನ ಸದ್ದಿನ ನಡುವೆ ಕಳೆದಿರಬೇಕು. ನಲುವತ್ತು ವರ್ಷ ಮೊದಲು ಅವರು ಪೋರ್ಚುಗಲ್ ಪ್ರಜೆಗಳು, ನಿನ್ನೆಯವರೆಗೆ ಪೇಶ್ವೆಯ ಪ್ರಜೆಗಳು, ನಾಳೆಯಿಂದ ಕಂಪನಿಯ ಪ್ರಜೆಗಳು. ಮನೆ ಮಾತ್ರ ಅದೇ.

'ಹೊರಗಿನವರು' ಎಂಬ ಶಬ್ದ

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮಾವನವರು ಡೊಂಬಿವಲಿಗೆ ಬಂದದ್ದು 1967ರಲ್ಲಿ. ಆ ದಶಕದ ಕೊನೆಗೆ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಕೂಗು ಎದ್ದಿತ್ತು. ಅದನ್ನು ಕಂಡವರು ನಿಮ್ಮಲ್ಲಿ ಇನ್ನೂ ಇದ್ದೀರಿ. ಲೋಕಲ್‌ನಲ್ಲಿ ಕನ್ನಡ ಮಾತಾಡಿದಾಗ ಯಾರೋ "ಬಾಹೇರ್ಚೆ" ಎಂದದ್ದನ್ನು ಮಾವನವರು ಕೊನೆಯವರೆಗೂ ಮರೆಯಲಿಲ್ಲ. ಹೊಡೆಯಲಿಲ್ಲ, ಬಯ್ಯಲಿಲ್ಲ, ಒಂದೇ ಶಬ್ದ. ಆಮೇಲೆ ಎಷ್ಟೋ ದಿನ ಗಾಡಿಯಲ್ಲಿ ಬಾಯಿ ಬಿಡದೆ ಕುಳಿತು ಬರುತ್ತಿದ್ದರಂತೆ.

ಆ ಶಬ್ದದ ತೂಕ ಗೊತ್ತಿದ್ದ ಮನೆಯವಳು ನಾನು. ಅಂಥ ನಾನೇ ಮೈಕ್ ಮುಂದೆ ಕುಳಿತು, ಇಲ್ಲಿ ಎಲ್ಲರಿಗಿಂತ ಮೊದಲಿದ್ದ ಜನರನ್ನು ಹೊರಗಿನವರನ್ನಾಗಿ ಮಾಡಿಬಿಟ್ಟೆ. ಕೆಟ್ಟ ಮನಸ್ಸಿನಿಂದಲ್ಲ, ಹೆಸರು ನೋಡಿ ಊರು ಊಹಿಸುವ ಸೋಮಾರಿತನದಿಂದ. ಸಾಕಲ್ಲ, ತಪ್ಪಾಗಲು?

ಅತ್ತೆಯವರ ಹತ್ತಿರ ಕ್ಷಮೆ ಕೇಳಿದೆ. ಅವರು, "ನನ್ನ ಹತ್ತಿರ ಕೇಳಿದರೆ ಏನು ಬಂತು? ನಾನೊಬ್ಬಳೇ ಕೇಳಿದ್ದೇನಾ? ಎಲ್ಲಿ ಹೇಳಿದೆಯೋ ಅಲ್ಲಿ ಹೇಳು" ಎಂದರು. ನ್ಯಾಯವಾದ ಮಾತು. ಕಾರ್ಯಕ್ರಮದಲ್ಲಿ ಹೇಳಿದ್ದೇನೆ, ಈಗ ಇಲ್ಲಿಯೂ ಬರೆದಿದ್ದೇನೆ. ಥಾಣೆಯ ಈಸ್ಟ್ ಇಂಡಿಯನ್ನರು ಪೋರ್ಚುಗೀಸರ ಸಂತತಿಯಲ್ಲ, ಈ ನೆಲದವರು. ತಪ್ಪು ನನ್ನದು, ಕ್ಷಮೆಯಿರಲಿ.

ನಿಮ್ಮಲ್ಲಿಯೂ ಒಂದು ವಿನಂತಿ. ಡೊಂಬಿವಲಿಯಲ್ಲಿರಲಿ, ಕಲ್ಯಾಣ್‌ನಲ್ಲಿರಲಿ, ನವಿಮುಂಬಯಿಯ ವಾಶಿ ನೆರೂಳ್‌ಗಳಲ್ಲಿರಲಿ, ಪಕ್ಕದ ಮನೆಯವರು ಯಾವ ಊರಿನವರು, ಯಾವಾಗಿನಿಂದ ಇಲ್ಲಿದ್ದಾರೆ ಎಂದು ಈ ರಜೆಯಲ್ಲಿ ಒಮ್ಮೆ ಕೇಳಿ ನೋಡಿ. ಹೆಸರಿನ ಫಲಕ ನೋಡಿ ಊಹಿಸಬೇಡಿ. ಒಳಗೆ ಹೋಗಿ ಕುಳಿತು ಕೇಳಿ. ಸಿಕ್ಕಿದ ಕಥೆ ನಮಗೆ ಬರೆದು ಕಳಿಸಿದರೆ ಕಾರ್ಯಕ್ರಮದಲ್ಲಿ ಓದುತ್ತೇನೆ.

ಹೊರಡುವಾಗ ಅತ್ತೆಯವರು ಒಂದು ಸ್ಟೀಲ್ ಡಬ್ಬದ ತುಂಬ ಕುಲಕುಲ್ ತುಂಬಿ ಕೊಟ್ಟರು. ಚಿಕ್ಕಂದಿನಲ್ಲಿ ಕಲ್ಯಾಣಪುರದಲ್ಲಿ ಗೆಳತಿಯ ಮನೆಯಿಂದ ಕುಸ್ವಾರ್ ತಟ್ಟೆ ಬಂದರೆ ನಮ್ಮಮ್ಮ ಅದನ್ನು ಖಾಲಿ ವಾಪಸು ಮಾಡುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರು. ಡಬ್ಬ ಈಗ ತೊಳೆದು ಒಣಗಿಸಿ ಇಟ್ಟಿದ್ದೇನೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿಕೊಂಡು ಮತ್ತೆ ಖಾಡಿ ದಾಟಬೇಕು.